ಕಿಟಕಿ ಮೂಲೆಯ ಸಂದು

ಭಾನುವಾರ, ಮಧ್ಯಾಹ್ನ

ಬಡಗಿ ಮೇಸ್ತ್ರಿಯವರಿಗೆ,

ನಮಸ್ಕಾರ. ಗಂಡನಿಗೆ ಹೀಗೆ ಬರೆಯುತ್ತಾರೆಯೇ ಎಂದು ಮೂಗು ಮುರಿಯಬೇಡಿ. ನೀವು ಬೇರೆ ಮನೆ ಮಾಡಿಕೊಂಡು ಎರಡು ವರ್ಷವಾದ ಮೇಲೆ ಇನ್ನೇನೆಂದು ಕರೆಯಲಿ?

ಹೋದ ತಿಂಗಳು ನಾನು ಕೆಲಸಕ್ಕೆ ಹೋಗಿದ್ದಾಗ ಬಂದು, ನಮ್ಮ ಹಾಲ್‌ನ ಗೋಡೆಗಳ ಬುಡಕ್ಕೆ ಮರದ ಸ್ಕರ್ಟಿಂಗ್ ಪಟ್ಟಿ ಹೊಡೆದು ಹೋದಿರಿ. ನೆಲ ಒರೆಸಿದಾಗಲೆಲ್ಲ ಗೋಡೆಯ ಬುಡ ಕೊಳೆಯಾಗುತ್ತದೆ, ಪಟ್ಟಿ ಬೇಕು ಎಂದು ನಿಮಗೆ ಹೇಳಿದ್ದು ಯಾರು? ಮಗಳನ್ನು ಕೇಳಿದರೆ ನಂಗೇನೂ ಗೊತ್ತಿಲ್ಲಮ್ಮ ಅನ್ನುತ್ತಾಳೆ. ಅಪ್ಪ ಮಗಳು ಸೇರಿ ನನ್ನ ಕಿವಿಗೆ ಹೂ ಇಡಲು ಹೊರಟಿದ್ದೀರಿ.

ಈಗ ಕಿಟಕಿ ಪಕ್ಕದ ಮೂಲೆಯಲ್ಲಿ ಸಂದು ಬಿಟ್ಟಿದೆ. ಮಂಡಿಯೂರಿ ನೋಡಿದೆ. ಉಳಿದ ಮೂಲೆಗಳಲ್ಲಿ ಒಂದು ಪಟ್ಟಿಯನ್ನು ನೇರ ಗೋಡೆಗೆ ತಾಗಿಸಿ, ಇನ್ನೊಂದರ ತುದಿಯನ್ನು ಆ ಪಟ್ಟಿಯ ಉಬ್ಬುತಗ್ಗಿಗೆ ಹೊಂದುವಂತೆ ಕೊರೆದು ಕೂರಿಸಿದ್ದೀರಿ. ಕೂದಲೂ ತೂರುವುದಿಲ್ಲ. ಇಲ್ಲಿ ಮಾತ್ರ ಎರಡನ್ನೂ ಓರೆಯಾಗಿ ಕೊಯ್ದು ಸೇರಿಸಿದ್ದೀರಿ. ಒಳಮೂಲೆಗೆ ಹಾಗೆ ಮಾಡಿದರೆ ಮರ ಒಣಗುತ್ತಲೇ ಬಾಯಿ ಬಿಡುತ್ತದೆ ಎಂದು, ಮದುವೆಯಾದ ಹೊಸತರಲ್ಲಿ ನನ್ನ ಕೈಲಿ ಹಲಗೆ ಹಿಡಿಸಿಕೊಂಡು ಪಾಠ ಹೇಳಿದವರು ನೀವೇ ಅಲ್ಲವೇ? ಅದೂ ಬಿಸಿಲು ನೇರ ಬೀಳುವ ಮೂಲೆ. ಕೈತಪ್ಪಿನಿಂದ ಆಯಿತೆಂದರೆ ನಾನು ನಂಬುವುದಿಲ್ಲ. ಸಂದು ಬಿಟ್ಟರೆ ಹೆಂಡತಿಯೇ ಕರೆಯುತ್ತಾಳೆ, ಕರೆದಾಗ ಮನೆಯಲ್ಲೇ ಇರುತ್ತಾಳೆ ಎಂದು ತಾನೇ ನಿಮ್ಮ ಲೆಕ್ಕ?

ನನಗೆ ಹೆದರಿಕೆಯಾಗುವುದೂ ಅದಕ್ಕೇ. ಜೊತೆಗಿದ್ದಾಗ ಸಂಜೆ ಬರುತ್ತೇನೆ ಎಂದು ಹೋದವರು ವಾರಗಟ್ಟಲೆ ಬರುತ್ತಿರಲಿಲ್ಲ. ಎಲ್ಲಿದ್ದಿರಿ ಎಂದರೆ ಬಾಯಿಗೆ ಬಂದ ಸುಳ್ಳು. ನಿಮ್ಮನ್ನು ಒಳಗೆ ಕರೆದು, ಮತ್ತೆ ಬಾಗಿಲು ನೋಡುತ್ತ ಕೂರುವ ಶಕ್ತಿ ನನಗಿಲ್ಲ. ಇದೂ ಅಂಥದ್ದೇ ಆಟವಾದರೆ ಈಗಲೇ ಹೇಳಿಬಿಡಿ. ನಿಜವಾಗಿ ಬರುವ ಮನಸ್ಸಿದ್ದರೆ ಮರದ ಕೈಲಿ ಹೇಳಿಸಬೇಡಿ, ನೀವೇ ಹೇಳಿ.

ಪಕ್ಕದ ಬೀದಿಯ ಬಡಗಿಯನ್ನು ಕರೆಯೋಣವಾ ಎಂದು ಮಗಳು ಕೇಳಿದಳು. ಬೇಡ ಎಂದೆ. ಅವಳು ನನ್ನ ಮುಖ ನೋಡಿ ನಕ್ಕಳು.

ಇಂತಿ,
ನಿಮ್ಮ ಮಗಳ ತಾಯಿ

ಮರೆತಿದ್ದೆ: ಬಾಗಿಲ ಪಕ್ಕದ ಉದ್ದದ ಪಟ್ಟಿಯೂ ಪೂರ್ತಿ ಕಳಚಿ ಬಿದ್ದಿದೆ. ಅದರಲ್ಲಿ ನಿಮ್ಮ ಕೆಲಸದ ತಪ್ಪೇನಿಲ್ಲ. ಬರೀ ಸಂದಾದರೆ ಗಳಿಗೆಯಲ್ಲಿ ಮುಗಿಸಿ ಹೊರಟುಬಿಡುತ್ತೀರಿ ಎಂದು, ಬೆಳಿಗ್ಗೆ ಮಗಳು ಅಂಗಡಿಗೆ ಹೋದಾಗ ನಾನೇ ಮೀಟಿ ಕಿತ್ತೆ. ಅವಳಿಗೆ ಹೇಳಬೇಡಿ.