ಆಕ್ಷೇಪ ಎತ್ತಿದವಳಿಗೂ ಊಟ

ಹಿಲ್ಲೆವಿ ಅವರಿಗೆ, ಟಾಂಪೆರೆಯ ಬ್ರೆಡ್ ಕಾರ್ಖಾನೆಯಿಂದ ತೈಮಿಯ ವಂದನೆಗಳು.

ಶನಿವಾರ ನಿಮ್ಮ ಡಾಕ್ಟರೇಟ್ ಪರೀಕ್ಷೆ ಮುಗಿದ ರಾತ್ರಿಯ ಔತಣದಲ್ಲಿ ನೀವು ಒಬ್ಬೊಬ್ಬರ ಹೆಸರೆತ್ತಿ ಕೃತಜ್ಞತೆ ಹೇಳಿದಿರಿ. ಹೆಸರು ಕರೆಸಿಕೊಂಡವರು ಅದೇ ಸರದಿಯಲ್ಲಿ ಎದ್ದು ಉತ್ತರ ಕೊಡಬೇಕಂತೆ. ನನ್ನ ಸರದಿ ಬಂದಾಗ "ಮೀನು ಚೆನ್ನಾಗಿತ್ತು" ಎಂದಷ್ಟೇ ಹೇಳಿ ಕುಳಿತುಬಿಟ್ಟೆ. ಇಡೀ ಇತಿಹಾಸ ವಿಭಾಗ ಮೇಜು ಬಡಿದು ನಕ್ಕಿತು. ಅಂದು ಗಂಟಲಲ್ಲಿ ಉಳಿದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಾನು ಓದಿದ್ದೆಲ್ಲ ಕಾರ್ಮಿಕ ಭವನದ ಕಪಾಟಿನ ಕರಪತ್ರಗಳು. ವಿಶ್ವವಿದ್ಯಾಲಯವೆಂದರೆ ಮಾಲೀಕರ ಕಥೆಗೆ ಅಡಿಟಿಪ್ಪಣಿ ಬರೆಯುವ ಜಾಗ ಎಂದೇ ನಂಬಿದ್ದೆ. ನಮ್ಮ ಅಜ್ಜಿಯರ ಕಾಲದಲ್ಲಿ ಇಲ್ಲಿನ ನೂಲಿನ ಗಿರಣಿಯ ಹೆಂಗಸರು ಹೂಡಿದ್ದ ಮುಷ್ಕರದ ಮೇಲೆ ನೀವು ಮಹಾಪ್ರಬಂಧ ಬರೆದಿದ್ದೀರೆಂದು ತಿಳಿದು ತರಿಸಿ ಓದಿದೆ. ಕೊನೆಯ ಅಧ್ಯಾಯದ ಒಂದು ವಾಕ್ಯ ಮೈ ಉರಿಸಿತು: "ನಾಲ್ಕನೆಯ ವಾರ ಹೆಂಗಸರು ಎದೆಗುಂದಿ ಕೆಲಸಕ್ಕೆ ಮರಳಿದರು." ಜಗಳಕ್ಕೆಂದೇ, ಸಭೆಯೆದುರು ನೀವು ಪ್ರಬಂಧವನ್ನು ಸಮರ್ಥಿಸಿಕೊಳ್ಳುವ ಸಾರ್ವಜನಿಕ ಪರೀಕ್ಷೆಗೆ ಬಂದೆ.

ಸ್ವೀಡನ್ನಿನಿಂದ ಬಂದಿದ್ದ ಪರೀಕ್ಷಕ ಹೆಡ್‌ಬರ್ಗ್ ನಿಮ್ಮನ್ನು ಪ್ರಶ್ನೆ ಹಾಕಿ ಹಾಕಿ ಅರೆದರು. ಕಪ್ಪು ಉಡುಪಿನಲ್ಲಿ ನಿಂತ ನೀವು ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ಅವರು ತಲೆದೂಗಿದರು. ಆಗ ನೀವು ಸಭೆಯತ್ತ ತಿರುಗಿ, ಆಕ್ಷೇಪವಿದ್ದವರು ಹೇಳಬಹುದು ಎಂದಿರಿ. ಅದು ಬಾಯಿಪಾಠದ ಮಾತು, ಯಾರೂ ಏಳುವುದಿಲ್ಲ, ಆ ಹೊತ್ತಿಗೆ ಎಲ್ಲರ ಮನಸ್ಸೂ ಕಾಫಿಯ ಕಡೆ ಇರುತ್ತದೆ ಎಂದು ನನಗೇನು ಗೊತ್ತು? ಎದ್ದೆ. ಪಕ್ಕದಲ್ಲಿದ್ದ ಮುದಿ ಉಪನ್ಯಾಸಕ ಪೆಂಟಿ ನನ್ನ ತೋಳು ಜಗ್ಗಿ, "ಕೂತ್ಕೊಳ್ಳಮ್ಮ ತಾಯಿ, ಹೊರಗೆ ಕೇಕು ಒಣಗ್ತಾ ಇದೆ" ಎಂದರು. ಸಭೆ ನಡೆಸುತ್ತಿದ್ದ ನಿಮ್ಮ ಗುರುಗಳು ಗಡಿಯಾರ ನೋಡಿದರು.

"ಅವ್ರು ಎದೆಗುಂದಿದ್ರು ಅಂತ ನಿಮಗೆ ಹೇಳಿದ್ದು ಯಾರು?" ಎಂದೆ. "ಗಿರಣಿ ಮ್ಯಾನೇಜರಾ? ಪೊಲೀಸಾ? ಹಲ್ಲು ಕಚ್ಕೊಂಡು, ಇನ್ನೊಂದಿನ ನೋಡ್ಕೋತೀವಿ ಅಂತ ವಾಪಸ್ ಹೋಗಿರಬಾರ್ದಾ?"

ನೀವು ನಕ್ಕು ತಳ್ಳಿಹಾಕಲಿಲ್ಲ. "ಹಾಗಂತ ನಿಮಗೆ ಹೇಳಿದ್ದು ಯಾರು?" ಎಂದು ತಿರುಗಿ ಕೇಳಿದಿರಿ. ಕರಪತ್ರದಲ್ಲಿದೆ ಎಂದೆ. "ಅದನ್ನ ಬರೆದೋರು ಆ ಹೆಂಗಸರನ್ನ ಕೇಳಿದ್ರಾ?" ಇಲ್ಲವೆಂದು ತಲೆಯಾಡಿಸಿದೆ.

ಅಲ್ಲಿಗೆ ನೀವು ಗೆದ್ದಿದ್ದಿರಿ. ಹೆಡ್‌ಬರ್ಗ್ ಅವರ ಲಿಖಿತ ವರದಿ ಇನ್ನೂ ಬಾಕಿಯಿತ್ತು. ವಿಭಾಗದಲ್ಲಿ ಖಾಲಿಯಿದ್ದ ಒಂದೇ ಹುದ್ದೆ ನಿಮಗೆ ಸಿಗುವುದು ಬಿಡುವುದು ಆ ವರದಿಯ ಮೇಲೆ ನಿಂತಿತ್ತು. ಸುಮ್ಮನಿದ್ದರೆ ಮುಗಿದಿತ್ತು. ನೀವು ಪುಸ್ತಕ ತೆರೆದು ಆ ವಾಕ್ಯವನ್ನು ಗಟ್ಟಿಯಾಗಿ ಓದಿದಿರಿ. "ನಾನೂ ಅವರನ್ನ ಕೇಳಿಲ್ಲ. ಕೆಲಸಕ್ಕೆ ಮರಳಿದ್ರು ಅನ್ನೋದಕ್ಕೆ ದಾಖಲೆ ಇದೆ. ಎದೆಗುಂದಿದ್ರು ಅನ್ನೋದು ನಾನು ಸೇರಿಸಿದ್ದು. ಯಾಕೆ ಮರಳಿದ್ರೋ, ನನಗೆ ಗೊತ್ತಿಲ್ಲ." ಹೆಡ್‌ಬರ್ಗ್ ಪೆನ್ನು ತೆಗೆದರು. ನಿಮ್ಮ ಗುರುಗಳ ಮುಖ ಬಿಳುಚಿತು.

ನನ್ನ ಕರಪತ್ರಗಳಲ್ಲಿ ಧೈರ್ಯಕ್ಕೆ ಬಿಗಿದ ಮುಷ್ಟಿಯಿದೆ, ಬಾವುಟವಿದೆ. ಗೆದ್ದ ಮೇಲೆ ತನ್ನ ತಪ್ಪನ್ನು ತಾನೇ ಎತ್ತಿ ತೋರಿಸುವ ಧೈರ್ಯದ ಬಗ್ಗೆ ಒಂದು ಸಾಲೂ ಇಲ್ಲ. ಅದನ್ನು ನಿಮ್ಮಲ್ಲಿ ಕಂಡೆ.

ಹೊರಟವಳನ್ನು ಬಾಗಿಲಲ್ಲೇ ತಡೆದಿರಿ. "ಎಲ್ಲಿಗೆ ಓಡ್ತೀರಿ? ಆಕ್ಷೇಪ ಎತ್ತಿದೋರನ್ನ ರಾತ್ರಿ ಊಟಕ್ಕೆ ಕರೀಲೇಬೇಕು, ಅದು ಇಲ್ಲಿನ ಪದ್ಧತಿ." ಹಿಂದೆಯೇ ಬಂದ ಪೆಂಟಿ, "ಜಾಣೆ ಕಣೇ ನೀನು! ಬಾಯಿ ಮುಚ್ಕೊಂಡು ಕೂತು ನಾನು ಎಷ್ಟು ಊಟ ಕಳ್ಕೊಂಡ್ನೋ!" ಎಂದರು. ಔತಣದ ಮೇಜಿನ ಸುತ್ತ ನನ್ನ ಮಾತನ್ನು ಅಲ್ಲಗಳೆಯಲು ನಿಮ್ಮ ವಿಭಾಗದವರೆಲ್ಲ ಒಟ್ಟಿಗೆ ಬಾಯಿ ಹಾಕಿದರು. ಒಬ್ಬರೂ ನನ್ನನ್ನು ಸಮಾಧಾನಪಡಿಸಲಿಲ್ಲ, ಆಲೂಗಡ್ಡೆ ಆರುವವರೆಗೂ ಜಗಳವಾಡಿದರು. ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಯಾರೂ ನನಗೆ ಕೊಟ್ಟಿರಲಿಲ್ಲ.

ಇನ್ನೊಂದು ವಿಷಯ. ಪಿಸ್ಪಲ ಗುಡ್ಡದ ಸೌನಾದ ಬಿಸಿ ಉಗಿಯಲ್ಲಿ ಬೆವರುತ್ತ ಕೂತ ಮುದುಕಿಯರನ್ನೆಲ್ಲ ವಿಚಾರಿಸಿ ಇಂಪಿ ಎಂಬವರನ್ನು ಹುಡುಕಿದ್ದೇನೆ. ಮುಷ್ಕರದ ವರ್ಷ ಅದೇ ಗಿರಣಿಯಲ್ಲಿದ್ದ ಹುಡುಗಿ. ಈಗ ತೊಂಬತ್ತು ದಾಟಿದೆ, ನಾಲಿಗೆ ಮಾತ್ರ ಚುರುಕು. ನಿಮ್ಮ ಪರೀಕ್ಷೆಯಲ್ಲಿ ನಡೆದದ್ದೆಲ್ಲ ಹೇಳಿ, ಅಂದು ಹೆಂಗಸರು ಯಾಕೆ ಕೆಲಸಕ್ಕೆ ಮರಳಿದರು ಎಂದು ಕೇಳಿದೆ. "ನಿನಗೆ ಹೇಳಲ್ಲ ಹೋಗೇ. ನೀನು ಉತ್ತರ ಗಂಟು ಕಟ್ಕೊಂಡೇ ಬಂದಿದ್ದೀಯ. ಗೊತ್ತಿಲ್ಲ ಅಂದಳಲ್ಲ, ಅವಳನ್ನ ಕರ್ಕೊಂಡ್ ಬಾ" ಎಂದರು.

ಬರುವ ಭಾನುವಾರ ಬೆಳಿಗ್ಗೆ ಬನ್ನಿ. ಎದೆಗುಂದಿದ್ದೆವು ಎಂದೇ ಆಕೆ ಹೇಳಿದರೆ ನನ್ನ ಕರಪತ್ರ ಸುಳ್ಳಾಗುತ್ತದೆ. ಆಗಲಿ. ಪ್ರಶ್ನೆ ನೀವೇ ಕೇಳಿ; ನಾನು ಬಾಯಿ ಬಿಗಿದು ಕೂರುತ್ತೇನೆ, ಎಷ್ಟೇ ಕಷ್ಟವಾದರೂ.

ಹುದ್ದೆ ಸಿಗಲಿ, ಸಿಗದಿರಲಿ, ಗೊತ್ತಿಲ್ಲವೆಂದು ಹೇಳುವ ನಿಮ್ಮ ಎದೆಗಾರಿಕೆ ನೂರು ಕಾಲ ಬಾಳಲಿ.

ನಿಮ್ಮ ಎದುರಾಳಿ, ನಿಮ್ಮ ಅಭಿಮಾನಿ,
ತೈಮಿ