ಅಂಟು ಕೋಶ

ಜನವರಿ 12

ಅಕ್ಕನನ್ನು ಎಬ್ಬಿಸಿ, ಹಲ್ಲುಜ್ಜಿಸಿ, ಎರಡು ತುತ್ತು ತಿನ್ನಿಸಿ ಲ್ಯಾಬಿಗೆ ಓಡಿದ್ದು. ಮತ್ತೆ ಲೇಟ್. ಮೈಕ್ರೋಸ್ಕೋಪಿನ ಕೆಳಗೆ ಇಲಿಯ ಮಿದುಳಿನ ತೆಳು ಹೋಳು. ನಕ್ಷತ್ರದಂಥ ಆಸರೆ ಕೋಶಗಳ ತೋಳು ಅಳೆಯುವುದು ನನ್ನ ಪಾಲಿನ ಕೆಲಸ. ಕೀರ್ತಿಯೆಲ್ಲ ನರಕೋಶಗಳಿಗೆ. ಇವು ಅವಕ್ಕೆ ಉಣಿಸಿ, ಚೆಲ್ಲಿದ್ದನ್ನು ಬಳಿದು ಪಕ್ಕದಲ್ಲೇ ಬಿದ್ದಿರುತ್ತವೆ. ಹಿಂದಿನವರು ಬರೀ ಅಂಟು ಅಂದುಕೊಂಡಿದ್ದರಂತೆ. ನಾವೂ ಲ್ಯಾಬಿನಲ್ಲಿ ಅಂಟು ಎಂದೇ ಕರೆಯುವುದು. ನನ್ನದೂ ಅದೇ ಜಾತಕ.

ಜನವರಿ 15, ಸಂಜೆ

ಖಿನ್ನತೆಯ ಗುಳಿಗೆಗಳೆಲ್ಲ ಸೋತವು. ಅಕ್ಕನಿಗೆ ಹೊಸ ಔಷಧ ಕೊಡೋಣ ಎಂದರು ಡಾಕ್ಟರ್. ಡ್ರಿಪ್‌ನಲ್ಲಿ. ನಮ್ಮ ಇಲಿಗಳಿಗೆ ಕೊಡುವುದೂ ಅದನ್ನೇ! "ಗಂಟೆಗಳಲ್ಲೇ ಗೊತ್ತಾಗುತ್ತೆ," ಅಂದರು. ವರ್ಷಗಟ್ಟಲೆ ನನ್ನಿಂದ ಆಗದ್ದು ಗಂಟೆಗಳಲ್ಲಿ... ಒಳಗೊಳಗೇ ನಕ್ಕೆ.

ಜನವರಿ 19

ಬೆಳಿಗ್ಗೆ ಡ್ರಿಪ್. "ಈ ಮೈ ನಂದಲ್ಲ ಅನ್ಸುತ್ತೆ ಕಣೇ," ಎಂದು ಸ್ವಲ್ಪ ಹೊತ್ತು ತೊದಲಿದಳು. ಸಂಜೆ ಹಸಿವು ಎಂದಳು. ತಾನಾಗಿ! ಎದುರುಮನೆಯವರ ಟೋಪಿ ಗಾಳಿಗೆ ಹಾರಿ ಚರಂಡಿಗೆ ಬಿತ್ತು. ಅಕ್ಕ ನಕ್ಕಳು, ಹೊಟ್ಟೆ ಹಿಡಿದುಕೊಂಡು. ಆ ಒಂದು ನಗುವಿಗೆ ನಾನು ಎಷ್ಟು ಕೋಡಂಗಿ ಆಟ ಆಡಿದ್ದೆ. ಖುಷಿಗೆ ಅಳಬೇಕಿತ್ತು. ಹೊಟ್ಟೆ ಉರಿಯಿತು. ಔಷಧದ ಮೇಲೆ ಹೊಟ್ಟೆಕಿಚ್ಚು! ಯಾರಿಗಾದರೂ ಹೇಳಿದರೆ ನನಗೇ ಡ್ರಿಪ್ ಹಾಕಿಸುತ್ತಾರೆ.

ಜನವರಿ 20

ಲ್ಯಾಬಿನಲ್ಲೂ ಅದೇ ಕಥೆ. ಒತ್ತಡಕ್ಕೆ ಸಿಕ್ಕ ಇಲಿಗಳಲ್ಲಿ ಅಂಟು ಕೋಶದ ತೋಳು ಮುದುಡಿದ್ದವು. ಔಷಧ ಕೊಟ್ಟವುಗಳಲ್ಲಿ ಒಂದೇ ದಿನಕ್ಕೆ ಚಾಚಿಕೊಂಡಿವೆ. ಅಕ್ಕನಿಗೆ ಹೇಳಿದೆ.

"ಅಂದ್ರೆ ನೋಡ್ಕೊಳ್ಳೋರು ಸುಸ್ತಾಗಿದ್ರು ಅನ್ನು."

"ಅಷ್ಟು ಸಲೀಸಿಲ್ಲ. ಇಲಿ ವಿಷಯ ಅದು."

"ಸರಿ ಬಿಡೇ ಅಂಟೂ. ಇನ್ಮೇಲೆ ಸ್ವಲ್ಪ ದೂರ ಕೂತ್ಕೊಂಡ್ರೂ ನಡೆಯುತ್ತೆ."

ತಮಾಷೆಗೆ ಅಂದದ್ದು. ಚುರ್ ಎಂದಿತು.

ಜನವರಿ 23

ನನ್ನನ್ನು ಕರೆಯದೆ ಒಬ್ಬಳೇ ಪೇಟೆಗೆ ಹೋಗಿ ಬಂದಳು. ಕೈಯಲ್ಲಿ ಚಪ್ಪಲಿ ಡಬ್ಬ. ತೋರಿಸು ಅಂದರೆ "ಆಮೇಲೆ" ಎಂದು ಕಪಾಟಿಗೆ ತುರುಕಿದಳು. ನನ್ನ ಹತ್ತಿರವೇ ಮುಚ್ಚುಮರೆ. ಫೋನಿನಲ್ಲಿ ಆಸ್ಪತ್ರೆಯ ನರ್ಸ್ ಜೊತೆ ಹರಟೆ ಬೇರೆ — "ನೀವಿಲ್ದಿದ್ರೆ ನನ್ ಗತಿ ಏನಾಗ್ತಿತ್ತು!" ಒಂದು ಬೆಳಗಿನ ಪರಿಚಯ. ಗೆದ್ದಲು ಹುತ್ತ ಕಟ್ಟಿತು, ಹಾವು ಬಂದು ಸೇರಿಕೊಂಡಿತು.

ಜನವರಿ 28

ಅಕ್ಕ ಮಧ್ಯಾಹ್ನದವರೆಗೂ ಏಳಲಿಲ್ಲ. ಎದ್ದವಳು ಬಾಚಣಿಗೆ ಹಿಡಿದು ಸುಮ್ಮನೆ ಕೂತಳು. ಡಾಕ್ಟರ್ ಮೊದಲೇ ಹೇಳಿದ್ದರು, ಮೊದಲ ಡೋಸಿನ ಬಲ ಇಳಿದೀತು, ಇಳಿಯುತ್ತಿದೆ ಅನ್ನಿಸಿದ ಕೂಡಲೇ ಫೋನ್ ಮಾಡಿ, ಎರಡನೇ ಡೋಸ್ ಕೊಡೋಣ, ತಡ ಮಾಡಬೇಡಿ ಎಂದು.

ಮಾಡಲಿಲ್ಲ. ತಲೆ ಬಾಚಿದೆ. ತುತ್ತಿಟ್ಟೆ. "ನೀನಿದೀಯಲ್ಲ," ಅಂದಳು.

ಹಿತವಾಯಿತು. ಬರೆಯಲೇ ನಾಚಿಕೆ... ಆದರೆ ಹಿತವಾಯಿತು.

ಜನವರಿ 29

ನಾಳೆ ಮಾಡಿದರಾಯಿತು.

ಫೆಬ್ರವರಿ 1, ಬೆಳಿಗ್ಗೆ

ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ನಿನ್ನೆಯಿಂದ ನೀರು ಬಿಟ್ಟು ಬೇರೇನೂ ಇಳಿದಿಲ್ಲ. ನನ್ನ ತುತ್ತೂ ಬೇಡವಂತೆ.

"ಎರಡನೇ ಡೋಸ್ ಇದೆ ಅಂದಿದ್ರಲ್ಲ... ಆಸ್ಪತ್ರೆಯವ್ರು ಏನಂದ್ರು?"

"ಏನೂ ಅಂದಿಲ್ಲ," ಅಂದೆ. ಸುಳ್ಳಲ್ಲ. ಕೇಳಿದರೆ ತಾನೇ ಅನ್ನುವುದು.

"ನಂಗಿಷ್ಟೇ ಬರೆದಿದ್ದು ಅನ್ಸುತ್ತೆ. ಪಾಪ, ನಿಂಗೆ ಮತ್ತೆ ನನ್ ಚಾಕರಿ." ಕಪಾಟಿನ ಕಡೆ ಕೈ ತೋರಿಸಿದಳು. "ಆ ಡಬ್ಬ ತಗೋ. ನಿನ್ ಹುಟ್ಟಿದಹಬ್ಬಕ್ಕೆ ಕೊಡೋಣ ಅಂತಿದ್ದೆ. ಅಲ್ಲೀವರೆಗೂ ನಾನು... ಈಗ್ಲೇ ತಗೊಂಡ್ಬಿಡು."

ಅಲ್ಲೀವರೆಗೂ ನಾನು — ಏನು?

ಡಬ್ಬ ತೆಗೆದೆ. ನನ್ನ ಅಳತೆ. ನನ್ನಿಷ್ಟದ ಕಂದು ಬಣ್ಣ.

"ನನ್ ಹಿಂದೆ ಓಡಾಡಿ ನಿನ್ ಚಪ್ಪಲಿ ಸವೆದೇ ಹೋಗಿದ್ವಲ್ಲೇ, ಅಂಟೂ."

ಥೂ ನನ್ನ ಜನ್ಮಕ್ಕೆ.

ಅವಳ ಮಂಚದ ಪಕ್ಕದಲ್ಲೇ ಕೂತು ಆಸ್ಪತ್ರೆಗೆ ಫೋನ್ ಹಚ್ಚಿದ್ದೇನೆ. ಸ್ಪೀಕರ್ ಹಾಕಿಟ್ಟಿದ್ದೇನೆ, ಲೈನ್ ಹೋಲ್ಡಿನಲ್ಲಿದೆ. ಒಂದು ಕೈ ಅವಳು ಹಿಡಿದಿದ್ದಾಳೆ, ಇನ್ನೊಂದರಲ್ಲಿ ಗೀಚುತ್ತಿದ್ದೇನೆ, ಇಲ್ಲದಿದ್ದರೆ ಕಟ್ ಮಾಡಿಬಿಟ್ಟೇನು. ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದು ಕೇಳಿಯೇ ಕೇಳುತ್ತಾರೆ. ಅಕ್ಕನಿಗೂ ಕೇಳಿಸುತ್ತದೆ. ಕೇಳಿಸಲಿ. ಇದ್ದದ್ದು ಇದ್ದಹಾಗೆ ಹೇಳುತ್ತೇನೆ — ನಾನು ಅವಳ ತಂಗಿ, ನಾನೇ ಬೇಕೂಂತ

ಎತ್ತಿದರು