ಪೂರ್ವದ ಸೇತುವೆ

ನವೆಂಬರ್ 4, ಬೆಳಿಗ್ಗೆ

ಮತ್ತೆ ಜೇನುನೀರು. ಗಂಟಲು ಕಟ್ಟಿದೆ. ಎದ್ದಾಗಿನಿಂದ ಅದೇ ಪಾಠ — "ಮೊದಲ ಪಡೆ, ಉತ್ತರ ಸೇತುವೆ, ದಾಳಿ. ಎರಡನೇ ಪಡೆ, ಹಿಂದೆ." ಕಂಪ್ಯೂಟರ್ ಆಟದ ಪರದೆಯ ಮೇಲಿನ ಸೈನಿಕರಿಗೆ ಕೇಳುತ್ತದೆ. ಕೆಳಮನೆಯ ಅಜ್ಜಿಗೂ ಕೇಳುತ್ತದೆ. ಅಮ್ಮನನ್ನು ಮೆಟ್ಟಿಲಲ್ಲೇ ಹಿಡಿದಳಂತೆ.

"ನಿಮ್ಮ ಹುಡುಗಿ ಯಾರ್ ಮೇಲೆ ಹಂಗೆ ಕಿರುಚ್ತಾಳೆ? ಗುಟ್ಟಾಗಿ ಮದುವೆ ಏನಾದ್ರೂ ಆಗಿದ್ದಾಳಾ?"

"ಆಗಿದ್ರೆ ನಮ್ಮಂಗಡಿ ಮೀನು ತೊಳೆಯೋಕೆ ಅಳಿಯ ಬರ್ತಿದ್ದ" ಅಂದಳಂತೆ ಅಮ್ಮ.

ಆಟ ತಿಂದ ಕೈಗಳು ನನ್ನವು. ಎರಡೂ ಮಣಿಕಟ್ಟಿಗೆ ಆಪರೇಷನ್ ಆಗಿದೆ, ಆದರೂ ಮೌಸ್ ಹಿಡಿದರೆ ಮೊಣಕೈವರೆಗೆ ಉರಿ. ಹಾಗಾಗಿ ಈಗ ಬಾಯಿ. ಜೊತೆಗೆ ಕಾಲಡಿ ಒಂದು ಪೆಡಲ್ — ಒತ್ತಿದರೆ ಯಂತ್ರಕ್ಕೆ ಕಿವಿ, ಬಿಟ್ಟರೆ ಕಿವುಡು. ಈ ದಿನಚರಿಯನ್ನೂ ಹೀಗೇ ಹೇಳಿ ಬರೆಸುವುದು.

ನವೆಂಬರ್ 7

ಪ್ಯೋನ ಪಿಸಿ ಬಾಂಗ್‌ಗೆ, ಅವನ ಕಂಪ್ಯೂಟರ್ ಆಟದ ಅಂಗಡಿಗೆ, ಹೋಗಿದ್ದೆ. ಸಾಲು ಕಂಪ್ಯೂಟರು, ರಾಮ್ಯೋನ್ ನೂಡಲ್ಸಿನ ಘಮಲು, ಎಲ್ಲ ಹಾಗೇ ಇದೆ. ಎದುರು ಸಾಲಿನಲ್ಲಿ ಕ್ಯುಸಿಕ್. ನನಗಿಂತ ಚಿಕ್ಕವನು. ಕೈ ಕೆಡುವ ಮೊದಲು ಜೋಡಿ ಆಟದಲ್ಲಿ ನನ್ನ ಜೊತೆಗಾರ. ಕೂಗುವವಳು ನಾನು, ಕೂಗಿದ ಕಡೆಗೆ ಓಡುವವನು ಅವನು. ಈಗ ಎದುರಾಳಿ. ಶನಿವಾರ ಫೈನಲ್. ಗೆದ್ದವರು ರಾಜಧಾನಿ ಸಿಯೋಲ್‌ನ ಲೀಗಿಗೆ. ಒಬ್ಬರಿಗೇ ಜಾಗ.

ಇವತ್ತು ಬರೀ ಅಭ್ಯಾಸ. ಸೋತೆ. ನನ್ನ ಪಡೆ ಎಲ್ಲಿಗೆ ಹೋದರೂ ಅವನದು ಅಲ್ಲಿ ಮೊದಲೇ ನಿಂತಿತ್ತು!

"ನಾನು ಕೂಗೋದು ನಿಂಗೆ ಕೇಳುತ್ತಾ?"

"ಹೆಡ್‌ಫೋನ್ ಹಾಕಿರ್ತೀನಲ್ಲಕ್ಕ."

"ಹಾಕಿದ್ರೂ?"

"ನಿನ್ ಗಂಟಲು ಬುಸಾನ್ ಬಂದರಿನ ಹಡಗಿಗೂ ಕೇಳುತ್ತೆ. ಆದ್ರೆ ನಾನು ಕಿವಿಗೆ ಹಾಕ್ಕೊಳ್ಳಲ್ಲ. ಆಣೆ."

ನಗುತ್ತಾ ಹೇಳಿದ. ಅದೇ ಕಷ್ಟ.

ಪ್ಯೋ ಬಂದು, "ಬೇರೆ ಕೋಣೆ ಕೊಡ್ಲೇನಮ್ಮ?" ಅಂದ. ಬೇಡ ಅಂದೆ. ಪಾಪ ಅನ್ನಿಸಿಕೊಂಡು ಗೆಲ್ಲುವುದಕ್ಕಿಂತ ಮೀನು ತೊಳೆಯುವುದು ವಾಸಿ.

ನವೆಂಬರ್ 8

ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಆಣೆ ಹಾಕಿದವನು ಮೊದಲೇ ಹೇಗೆ ಬಂದು ನಿಂತ?

ಒಂದು ಉಪಾಯ ಹೊಳೆದಿದೆ. ಪೆಡಲ್ ಬಿಟ್ಟು ಸುಳ್ಳು ಕೂಗುವುದು. ಯಂತ್ರಕ್ಕೆ ಕೇಳದು. ಕ್ಯುಸಿಕ್ ಕದ್ದು ಕೇಳುವವನಾದರೆ ಮೋಸ ಹೋಗುತ್ತಾನೆ. ಅಲ್ಲವಾದರೆ ನನ್ನ ಸುಳ್ಳು ಗಾಳಿಗೆ, ಆಟ ಅವನಿಗೆ. ನಾನು ಗೆದ್ದರೆ ಅವನು ಕಳ್ಳ. ಅವನು ಗೆದ್ದರೆ ಸಾಚಾ… ಯಾವುದನ್ನು ಬೇಡಿಕೊಳ್ಳಲಿ?

"ಅನ್ನ ಆರಿಹೋಯ್ತು. ಕಾಲು ಸುಟ್ಟ ಬೆಕ್ಕಿನ ಥರ ಯಾಕೆ ಸುತ್ತುತ್ತೀಯೆ?" ಅಮ್ಮ.

ಹೇಳಿದೆ.

"ಅನುಮಾನ ಇದ್ರೆ ನೇರ ಕೇಳು."

"ಕೇಳ್ದೆ. ಆಣೆ ಹಾಕ್ದ."

"ಮತ್ತೆ ನಂಬು."

"ನಂಬಿ ಸೋಲ್ಲಾ?"

ಕಿಮ್ಚಿ ಬಟ್ಟಲು ಮುಂದೆ ತಳ್ಳಿದಳು.

ನವೆಂಬರ್ 10

ದನಿ ಒಡೆದಿದೆ. ಮೂರು ಸಲ ಹೇಳಿದರೆ ಒಮ್ಮೆ ಯಂತ್ರ ನನ್ನ ಗುರುತು ಹಿಡಿಯುತ್ತದೆ. ಇಷ್ಟೇ.

ನವೆಂಬರ್ 12, ಶನಿವಾರ, ಸಂಜೆ

ಗೆದ್ದೆ.

ಸೋಲು ಹತ್ತಿರ ಬಂದಿತ್ತು. ಉತ್ತರ ಸೇತುವೆಗೆ ಅವನ ಇಡೀ ಸೈನ್ಯ ಅಡ್ಡ ನಿಂತಿತ್ತು. ಪೆಡಲ್‌ನಿಂದ ಕಾಲೆತ್ತಿದೆ. ಹೊಟ್ಟೆಯಿಂದ ಕೂಗಿದೆ — "ಎಲ್ಲ ಪಡೆ, ಪೂರ್ವ ಸೇತುವೆ, ನಡಿ!"

ನನ್ನವರು ಮಿಸುಕಲಿಲ್ಲ. ಅವನ ಸೈನ್ಯ ಪೂರ್ವಕ್ಕೆ ತಿರುಗಿತು. ಇಡೀ ಸೈನ್ಯ. ಉತ್ತರದಲ್ಲಿ ಒಬ್ಬ ಕಾವಲುಗಾರನೂ ಉಳಿಯಲಿಲ್ಲ. ಪೆಡಲ್ ಒತ್ತಿ ಪಿಸುಗುಟ್ಟಿದೆ — ಉತ್ತರ, ದಾಳಿ. ಅವನ ಕೋಟೆ ಬಿತ್ತು.

ಚಪ್ಪಾಳೆ, ಸಿಳ್ಳೆ. ನನಗೆ ಮೈಯೆಲ್ಲಾ ಉರಿ. ಸೀದಾ ಅವನ ಮುಂದೆ ಹೋಗಿ ನಿಂತೆ.

"ಆಣೆ ಹಾಕಿದ್ದೆ."

ಅವನು ತನ್ನ ಕೈಯನ್ನೇ ನೋಡುತ್ತಿದ್ದ. "ಕೇಳಿಸ್ಕೊಳ್ಳಲಿಲ್ಲಕ್ಕ. ನೀನು 'ಎಲ್ಲ ಪಡೆ' ಅಂದ್ರೆ ಕೈ ತಾನಾಗೇ ಹೋಗ್ಬಿಡುತ್ತೆ. ಮೊದ್ಲೆಲ್ಲಾ ಹಂಗೇ ತಾನೇ ಹೋಗ್ತಿದ್ದೆ."

"ಅಡ್ಡ ಹಾಕೋಕೆ ಹೋದೆ ಅಂತ ಹೇಳು."

"ಅಡ್ಡ ಹಾಕೋಕೆ ಅರ್ಧ ಸಾಕಿತ್ತಲ್ಲ. ಕೋಟೆ ಬಿಟ್ಟು ಎಲ್ಲಾ ಯಾಕೆ ಕಳಿಸ್ಲಿ?"

"ಕಳ್ಳ" ಅಂದೆ. ಎಲ್ಲರೆದುರು. ಕ್ಯುಸಿಕ್ ಜಾಕೆಟ್ ಎತ್ತಿಕೊಂಡು ಹೊರಟುಹೋದ. ಹೆಡ್‌ಫೋನ್ ಅಲ್ಲೇ ಮರೆತ.

ನವೆಂಬರ್ 13

ಸಿಯೋಲ್‌ನಿಂದ ಲೀಗಿನವರ ಮೆಸೇಜ್ ಬಂತು. ಓದಲು ಮನಸ್ಸಿಲ್ಲ. ಅಮ್ಮ ಮೀನಿನ ಸಾರು ಮಾಡಿದ್ದಾಳೆ. ಗೆದ್ದವಳ ಮುಖವಾ ಇದು ಅಂದಳು.

ನವೆಂಬರ್ 16, ಮಧ್ಯಾಹ್ನ

ಆಟದ ರೆಕಾರ್ಡಿಂಗ್ ಹಾಕಿದೆ, ಅವನ ಪರದೆಯಲ್ಲಿ ಕಂಡಂತೆ. ಕಳ್ಳತನಕ್ಕೆ ಸಾಕ್ಷಿ ಹುಡುಕಲು.

ನನ್ನ ಕೂಗು. ಅವನ ಸೈನ್ಯ ಪೂರ್ವಕ್ಕೆ. ಅಡ್ಡ ಹಾಕುವವನು ಸೇತುವೆಯ ಈಚೆಯೇ ನಿಲ್ಲುತ್ತಾನೆ. ಇವನು ನಿಲ್ಲಲಿಲ್ಲ. ದಾಟಿದ. ದಾಟಿ ಬಲಕ್ಕೆ ಸರಿದು ನಿಂತ, ಎಡಗಡೆ ಅಷ್ಟೂ ಖಾಲಿ ಬಿಟ್ಟು.

ಮತ್ತೆ ಹಾಕಿದೆ. ಮತ್ತೆ.

ಜೋಡಿ ಆಟದಲ್ಲಿ ಎಡಗಡೆ ಯಾವಾಗಲೂ ನನ್ನ ಪಡೆ ನಿಲ್ಲುತ್ತಿತ್ತು. ಅವನು ನನಗೆ ಜಾಗ ಬಿಟ್ಟು ಕಾಯುತ್ತಿದ್ದಾನೆ. ಅಲ್ಲಿ ಹಿಂದೆ, ಅವನ ಕೋಟೆ ನಾನೇ ಉರುಳಿಸುತ್ತಿದ್ದೇನೆ.

ಅಯ್ಯೋ, ನಾನೆಂಥ ಹೆಂಗಸು.

ಫೋನ್‌ಗೆ ಹೇಳಿದೆ — ಕ್ಯುಸಿಕ್‌ಗೆ ಹಚ್ಚು. ರಿಂಗ್ ಆಗುತ್ತಿದೆ. ಎತ್ತುವುದಿಲ್ಲ ಅವನು. ಎತ್ತಬಾರದು ಕೂಡ… ಎತ್ತಿದ.

"ಹೇಳಕ್ಕ" ಅಂತಿದ್ದಾನೆ. ಎಂದಿನ ದನಿ. ಊರಿಗೆಲ್ಲಾ ಕೇಳುವ ಗಂಟಲು ನನ್ನದು, ಫೋನಿನ ಮೈಕ್ ಮುಚ್ಚಿ ಈ ಯಂತ್ರಕ್ಕೆ ಹೇಳುತ್ತಿದ್ದೇನೆ, ಅವನಿಗೆ ಒಂದು ಮಾತೂ ಹೊರಡುತ್ತಿಲ್ಲ. ಮತ್ತೆ ಕೇಳುತ್ತಿದ್ದಾನೆ, "ಅಕ್ಕ, ಎಲ್ಲಿಗೆ ಬರ್ಲಿ ಹೇಳು" ಅಂತ. ನಾನು… ಪೆಡಲ್ ಬಿಡುತ್ತೇನೆ, ಇನ್ನು ಮಾತು ಅವನಿಗೇ —